ಹಳೆಯ ಗ್ಯಾಸ್ ಫರ್ನೇಸ್ ತೆಗೆದು ಹೀಟ್ ಪಂಪ್ ಹಾಕಿಸುವುದು ಹೇಗೆ? ಅಮೆರಿಕದಲ್ಲಿ ಸ್ವಂತ ಮನೆ ಇರುವ ಕನ್ನಡಿಗರಿಗೆ

ಪ್ರತಿ ವರ್ಷ ಅಕ್ಟೋಬರ್ ಬಂತೆಂದರೆ ಇದೇ ಪ್ರಶ್ನೆ. ನ್ಯೂಜೆರ್ಸಿಯಿಂದ, ಬಾಸ್ಟನ್ ಕಡೆಯಿಂದ, ಶಿಕಾಗೋ ಸುತ್ತಮುತ್ತಲಿಂದ. "ನಮ್ಮನೆ ಫರ್ನೇಸ್‌ಗೆ ಇಪ್ಪತ್ತು ವರ್ಷ ಆಯ್ತು. ಇನ್ನೊಂದು ಫರ್ನೇಸೇ ಹಾಕಿಸೋದಾ, ಹೀಟ್ ಪಂಪ್‌ಗೆ ಹೋಗೋದಾ? ಇಲ್ಲಿನ ಚಳಿಗೆ ತಡೆಯುತ್ತಾ? ಬಿಲ್ ಎಷ್ಟು ಬರುತ್ತೆ?" ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಇದು ಡಕ್ಟ್ ಇರುವ ಮನೆಗಳಿಗೆ, ಅಂದರೆ ನೆಲದಲ್ಲೋ ಸೀಲಿಂಗ್‌ನಲ್ಲೋ ಇರುವ ಜಾಲರಿಗಳಿಂದ ಬಿಸಿಗಾಳಿ ಬರುವ ಮನೆಗಳಿಗೆ ಮಾತ್ರ. ಬಿಸಿನೀರಿನ ರೇಡಿಯೇಟರ್ ಇರುವ ಹಳೆಯ ಮನೆಗಳ ಕಥೆ ಬೇರೆ.

ಯಾವ ಬ್ರ್ಯಾಂಡ್ ಒಳ್ಳೆಯದು ಅಂತ ಕೇಳುವವರೇ ಜಾಸ್ತಿ. ನಮ್ಮನೆಗೆ ಎಷ್ಟು ದೊಡ್ಡದು ಬೇಕು ಅಂತ ಕೇಳುವವರು ಕಡಿಮೆ. ಈ ಕೆಲಸ ಕೆಡುವುದು ಹೆಚ್ಚಾಗಿ ಅಳತೆ ತಪ್ಪಿದಾಗ. ಅಗತ್ಯಕ್ಕಿಂತ ದೊಡ್ಡದು ತಂದರೆ ಇರುವ ಡಕ್ಟ್ ಸಾಲದು, ಎಲೆಕ್ಟ್ರಿಕ್ ಪ್ಯಾನೆಲ್ ಸಾಲದು, ಕೊನೆಗೆ ದುಡ್ಡೂ ಸಾಲದು. ಹಾಗಾಗಿ ಕೆಳಗೆ ಅಳತೆಯ ಹಂತಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಅವಸರ ಇದ್ದರೆ ಅದೊಂದನ್ನಾದರೂ ಓದಿ.

ಮೊದಲು ನಾಲ್ಕು ಪದಗಳು

ಹೀಟ್ ಪಂಪ್ ಅಂದರೆ ಎರಡೂ ದಿಕ್ಕಿಗೆ ಓಡುವ ಎಸಿ. ಬೇಸಿಗೆಯಲ್ಲಿ ಮನೆಯೊಳಗಿನ ಶಾಖವನ್ನು ಹೊರಗೆ ಹಾಕುತ್ತದೆ. ಚಳಿಗಾಲದಲ್ಲಿ ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಒಳಗೆ ತರುತ್ತದೆ. ಹೊರಗೆ ಮಂಜು ಬಿದ್ದಿದ್ದರೂ ಆ ಗಾಳಿಯಲ್ಲಿ ಶಾಖ ಇದ್ದೇ ಇರುತ್ತದೆ, ಅದನ್ನು ಹೆಕ್ಕಿ ತರುವ ಕೆಲಸ ರೆಫ್ರಿಜರೆಂಟ್ ಅನ್ನುವ ಅನಿಲದ್ದು. ನಮ್ಮ ಊರ ಕಡೆ 'ಹಾಟ್ ಅಂಡ್ ಕೋಲ್ಡ್ ಎಸಿ' ಅಂತ ಮಾರುತ್ತಾರಲ್ಲ, ಅದೂ ಇದೇ ಜಾತಿ.

ಬಿಟಿಯು ಅನ್ನುವುದು ಶಾಖದ ಅಳತೆ. ಗಂಟೆಗೆ 12,000 ಬಿಟಿಯು ಅಂದರೆ ಒಂದು ಟನ್. ನಿಮ್ಮ ಗ್ಯಾಸ್ ಬಿಲ್ಲಿನಲ್ಲಿರುವ ಒಂದು ಥರ್ಮ್ ಅಂದರೆ 1,00,000 ಬಿಟಿಯು. ಒಂದು ಯೂನಿಟ್ ಕರೆಂಟ್ (ಒಂದು ಕಿಲೋವ್ಯಾಟ್-ಗಂಟೆ) ಅಂದರೆ 3,412 ಬಿಟಿಯು.

ಎಎಫ್‌ಯುಇ ಅನ್ನುವುದು ಫರ್ನೇಸಿನ ದಕ್ಷತೆ. 80 ಅಂತ ಇದ್ದರೆ, ನೀವು ಕೊಂಡ ಗ್ಯಾಸಿನಲ್ಲಿ ನೂರಕ್ಕೆ 80 ಪಾಲು ಮನೆಗೆ, 20 ಪಾಲು ಚಿಮಣಿಗೆ.

ಸಿಒಪಿ ಅನ್ನುವುದು ಹೀಟ್ ಪಂಪಿನ ದಕ್ಷತೆ. 3 ಇದ್ದರೆ ಒಂದು ಪಾಲು ಕರೆಂಟ್ ತಿಂದು ಮೂರು ಪಾಲು ಶಾಖ ಕೊಡುತ್ತದೆ. ಚಳಿ ಏರಿದಂತೆ ಈ ಸಂಖ್ಯೆ ಇಳಿಯುತ್ತದೆ. ಜಾಹೀರಾತಿನಲ್ಲಿ ಎಚ್‌ಎಸ್‌ಪಿಎಫ್‌2 ಅಂತ ಇನ್ನೊಂದು ಸಂಖ್ಯೆ ಇರುತ್ತದೆ. ಅದು ಇಡೀ ಚಳಿಗಾಲದ ಸರಾಸರಿ. ಅದನ್ನು 3.412ರಿಂದ ಭಾಗಿಸಿದರೆ ಸೀಸನ್ ಪೂರ್ತಿಯ ಸಿಒಪಿ ಸಿಗುತ್ತದೆ. 8.5 ಇದ್ದರೆ ಸುಮಾರು 2.5.

ಹಂತ 1: ಫರ್ನೇಸ್ ಕೆಡುವ ಮೊದಲೇ ಶುರು ಮಾಡಿ

ಗ್ಯಾಸ್ ಫರ್ನೇಸ್ ಸಾಮಾನ್ಯವಾಗಿ 15ರಿಂದ 20 ವರ್ಷ ಬಾಳುತ್ತದೆ. ಮುಂದಿನ ಬಾಗಿಲು ತೆಗೆದರೆ ಒಳಗೆ ಒಂದು ಲೇಬಲ್ ಇರುತ್ತದೆ. ಮಾಡೆಲ್, ಸೀರಿಯಲ್ ನಂಬರ್, ಬಿಟಿಯು ಎಲ್ಲ ಅದರಲ್ಲಿದೆ. ಫೋಟೋ ತೆಗೆದಿಟ್ಟುಕೊಳ್ಳಿ. ಹೊರಗಿನ ಎಸಿ ಪೆಟ್ಟಿಗೆಯ ಲೇಬಲ್ಲಿನದೂ ಒಂದು ಇರಲಿ. ಎಸಿಗೂ ವಯಸ್ಸಾಗಿದ್ದರೆ ನಿಮ್ಮ ಲೆಕ್ಕ ಬಹಳ ಸುಲಭ, ಯಾಕೆಂದರೆ ಹೀಟ್ ಪಂಪ್ ಎರಡರ ಜಾಗಕ್ಕೂ ಬರುತ್ತದೆ. ಹೇಗೂ ಹೊಸ ಎಸಿಗೆ ಕೊಡಬೇಕಿದ್ದ ದುಡ್ಡನ್ನು ಇದರಲ್ಲಿ ಕಳೆದು ನೋಡಬೇಕು.

ಒಳ್ಳೆಯ ಕಾಲ ಏಪ್ರಿಲ್-ಮೇ, ಅಥವಾ ಸೆಪ್ಟೆಂಬರ್-ಅಕ್ಟೋಬರ್. ಜನವರಿಯ ರಾತ್ರಿ ಫರ್ನೇಸ್ ನಿಂತಾಗ ಕರೆದರೆ ಯಾರೂ ಲೆಕ್ಕ ಹಾಕುತ್ತಾ ಕೂರುವುದಿಲ್ಲ. ಗೋಡೌನಿನಲ್ಲಿ ಯಾವುದಿದೆಯೋ ಅದನ್ನು ತಂದು ಕೂರಿಸಿ ಹೋಗುತ್ತಾರೆ.

ಎಚ್ಚರಿಕೆ: ನೀಲಿಯಾಗಿರಬೇಕಾದ ಜ್ವಾಲೆ ಹಳದಿಯಾಗಿದ್ದರೆ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಹೊಡೆದರೆ, ಅಥವಾ ಹೀಟ್ ಎಕ್ಸ್‌ಚೇಂಜರ್ (ಬೆಂಕಿಯ ಹೊಗೆಯನ್ನೂ ಮನೆಯ ಗಾಳಿಯನ್ನೂ ಬೇರೆ ಮಾಡುವ ಲೋಹದ ಗೋಡೆ) ಬಿರುಕು ಬಿಟ್ಟಿದೆ ಅಂತ ಮೆಕ್ಯಾನಿಕ್ ತೋರಿಸಿದರೆ, ಇದ್ಯಾವುದೂ ಕಾಯುವ ವಿಷಯವಲ್ಲ. ಅಲಾರಂ ಹೊಡೆದರೆ ಮೊದಲು ಎಲ್ಲರೂ ಮನೆಯಿಂದ ಹೊರಗೆ ಬನ್ನಿ, ಆಮೇಲೆ ಫೋನ್ ಮಾಡಿ. ಉಳಿದ ಎರಡರಲ್ಲಿ ಫರ್ನೇಸ್ ಆಫ್ ಮಾಡಿ ತಜ್ಞರನ್ನು ಕರೆಯಿರಿ.

ಹಂತ 2: ಗ್ಯಾಸ್ ಬಿಲ್ಲಿನಿಂದ ನಿಮ್ಮ ಮನೆಯ ಅಳತೆ ತೆಗೆಯಿರಿ

ಕಾಂಟ್ರಾಕ್ಟರ್ ಬರುವ ಮೊದಲೇ ಇದನ್ನು ನೀವೇ ಮಾಡಿ. ಒಂದು ಕಾಗದ, ಫೋನಿನ ಕ್ಯಾಲ್ಕುಲೇಟರ್, ಜನವರಿಯ ಒಂದು ಗ್ಯಾಸ್ ಬಿಲ್, ಜುಲೈನ ಒಂದು ಬಿಲ್. ಇಷ್ಟು ಸಾಕು. ನ್ಯೂಜೆರ್ಸಿಯ ಒಂದು ಎರಡಂತಸ್ತಿನ ಮನೆ ಅಂತಿಟ್ಟುಕೊಂಡು ಮಾಡೋಣ.

ಜನವರಿಯ 31 ದಿನಕ್ಕೆ 150 ಥರ್ಮ್ ಉರಿದಿದೆ. ಜುಲೈನಲ್ಲಿ ಫರ್ನೇಸ್ ಓಡುವುದಿಲ್ಲ, ಆದರೂ 20 ಥರ್ಮ್ ಇದೆ. ಅದು ಅಡುಗೆ ಮತ್ತು ಸ್ನಾನದ ಬಿಸಿನೀರಿನದು. ಕಳೆದರೆ 130 ಥರ್ಮ್ ಮನೆ ಬೆಚ್ಚಗಿಡಲು ಹೋಗಿದೆ.

ಫರ್ನೇಸ್ ಎಎಫ್‌ಯುಇ 80ರದ್ದು. 130ರಲ್ಲಿ ನೂರಕ್ಕೆ 80 ಅಂದರೆ 104 ಥರ್ಮ್. ಅಂದರೆ 1,04,00,000 ಬಿಟಿಯು. 31 ದಿನಕ್ಕೆ 744 ಗಂಟೆ. ಭಾಗಿಸಿದರೆ ಗಂಟೆಗೆ ಸುಮಾರು 14,000 ಬಿಟಿಯು. ಇದು ಆ ತಿಂಗಳ ಸರಾಸರಿ.

ಈಗ ಆ ತಿಂಗಳ ಹೊರಗಿನ ಸರಾಸರಿ ತಾಪಮಾನ ಬೇಕು. ಎಷ್ಟೋ ಬಿಲ್ಲುಗಳಲ್ಲೇ ಅದು ಅಚ್ಚಾಗಿರುತ್ತದೆ. 32 ಡಿಗ್ರಿ ಫ್ಯಾರನ್‌ಹೀಟ್ ಅಂತಿಟ್ಟುಕೊಳ್ಳಿ. ಅದನ್ನು 65ರಿಂದ ಕಳೆಯಿರಿ, 33 ಬರುತ್ತದೆ. ಮನೆಯೊಳಗೆ ಇಡುವ 70 ಬಿಟ್ಟು 65 ಯಾಕೆ ಅಂದರೆ, ಒಳಗಿರುವ ಜನ, ಒಲೆ, ಫ್ರಿಜ್, ಕಿಟಕಿಯ ಬಿಸಿಲು ಇವೆಲ್ಲ ಸೇರಿ ಕೊನೆಯ ಕೆಲವು ಡಿಗ್ರಿಯನ್ನು ಪುಕ್ಕಟೆ ಕೊಡುತ್ತವೆ. 14,000 ಭಾಗಿಸು 33, ಸುಮಾರು 424. ಹೊರಗೆ ಒಂದು ಡಿಗ್ರಿ ಇಳಿದರೆ ನಿಮ್ಮ ಮನೆ ಗಂಟೆಗೆ 424 ಬಿಟಿಯು ಹೆಚ್ಚು ಕೇಳುತ್ತದೆ ಅಂತ ಅರ್ಥ.

ಕೊನೆಗೆ ನಿಮ್ಮೂರಿನ ಡಿಸೈನ್ ಟೆಂಪರೇಚರ್ ಹುಡುಕಿ. ಅಂದರೆ ವರ್ಷದ ನೂರರಲ್ಲಿ 99 ಪಾಲು ಗಂಟೆಗಳಲ್ಲಿ ತಾಪಮಾನ ಯಾವುದಕ್ಕಿಂತ ಕೆಳಗೆ ಹೋಗುವುದಿಲ್ಲವೋ ಆ ಸಂಖ್ಯೆ. 14 ಅಂತಿಟ್ಟುಕೊಳ್ಳಿ. 65ರಲ್ಲಿ 14 ಕಳೆದರೆ 51. 51 ಗುಣಿಸು 424, ಸುಮಾರು 22,000 ಬಿಟಿಯು. ಸ್ವಲ್ಪ ಕೈ ಸಡಿಲ ಬಿಟ್ಟು 25,000 ಅನ್ನಿ. ಎರಡು ಟನ್ನಿಗಿಂತ ತುಸು ಮೇಲೆ.

ಈಗ ಫರ್ನೇಸಿನ ಲೇಬಲ್ ನೋಡಿ. 80,000 ಬಿಟಿಯು ಅಂತ ಇರುತ್ತದೆ! ಮನೆಗೆ ಬೇಕಿರುವುದರ ಮೂರು ಪಟ್ಟು. ಇದು ಅಪರೂಪವೇನಲ್ಲ. ಗ್ಯಾಸ್ ಫರ್ನೇಸ್ ದೊಡ್ಡದಾದರೆ ಬೆಲೆ ಅಷ್ಟೇನೂ ಏರುವುದಿಲ್ಲ, ಗ್ರಾಹಕ ಚಳಿ ಅಂತ ದೂರುವುದೂ ಇಲ್ಲ. ಹಾಗಾಗಿ ಕಟ್ಟಿದವರು ಕಣ್ಣು ಮುಚ್ಚಿಕೊಂಡು ದೊಡ್ಡದನ್ನೇ ಹಾಕಿರುತ್ತಾರೆ. ಈಗ ಆ ಲೇಬಲ್ ನೋಡಿಯೇ "ನಿಮಗೆ ಐದು ಟನ್ ಬೇಕು" ಅನ್ನುವ ಕಾಂಟ್ರಾಕ್ಟರ್ ಬಂದರೆ, ನಿಮ್ಮ ಕಾಗದ ತೋರಿಸಿ.

ಈ ಲೆಕ್ಕ ಎಲ್ಲಿ ತಪ್ಪುತ್ತದೆ ಅಂತಲೂ ಹೇಳಬೇಕು. ಮಕ್ಕಳ ರಜೆಗೆ ಊರಿಗೆ ಹೋಗಿ ಥರ್ಮೋಸ್ಟಾಟ್ 55ಕ್ಕೆ ಇಳಿಸಿದ್ದ ತಿಂಗಳ ಬಿಲ್ ಬೇಡ. 'ಅಂದಾಜು ರೀಡಿಂಗ್' ಅಂತ ಬರೆದಿರುವ ಬಿಲ್ಲೂ ಬೇಡ. ಬಿಲ್ಲಿನ ಅವಧಿ ಡಿಸೆಂಬರ್ 19ರಿಂದ ಜನವರಿ 21 ಅಂತ ಇದ್ದರೆ ಅಷ್ಟೇ ದಿನ ಎಣಿಸಿ, ಅದೇ ದಿನಗಳ ತಾಪಮಾನ ಹಿಡಿಯಿರಿ. ಟೆಕ್ಸಸ್, ಅರಿಜೋನಾದಂಥ ಕಡೆ ಅಳತೆ ನಿರ್ಧರಿಸುವುದು ಬೇಸಿಗೆ. ಅಲ್ಲಿ ಈ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ.

ಇನ್ನೊಂದು ಮಾತು. ಅಟ್ಟದಲ್ಲಿ ಇನ್ಸುಲೇಷನ್ ತೆಳ್ಳಗಿದ್ದರೆ, ಬಾಗಿಲು ಕಿಟಕಿ ಸಂದಿಯಿಂದ ಗಾಳಿ ಬರುತ್ತಿದ್ದರೆ, ಮೊದಲು ಅದನ್ನು ಸರಿ ಮಾಡಿ. ಆಮೇಲೆ ಯಂತ್ರವೇ ಒಂದು ಅಳತೆ ಚಿಕ್ಕದಾಗಬಹುದು. ಬ್ಲೋವರ್ ಡೋರ್ ಟೆಸ್ಟ್ ಅಂತ ಇದೆ. ಮುಂಬಾಗಿಲಿಗೆ ದೊಡ್ಡ ಫ್ಯಾನ್ ಕಟ್ಟಿ ಮನೆಯ ಗಾಳಿ ಎಳೆಯುತ್ತಾರೆ, ಎಲ್ಲೆಲ್ಲಿ ಸೋರಿಕೆ ಇದೆ ಅಂತ ಆಗ ಕೈಗೇ ಗೊತ್ತಾಗುತ್ತದೆ.

ಹಂತ 3: ಓಡಿಸುವ ಖರ್ಚಿನ ಲೆಕ್ಕ

"ಹೀಟ್ ಪಂಪ್ ಹಾಕಿದರೆ ಬಿಲ್ ಅರ್ಧ ಆಗುತ್ತೆ" ಅನ್ನುವವರನ್ನೂ ನಂಬಬೇಡಿ, "ಡಬಲ್ ಆಗುತ್ತೆ" ಅನ್ನುವವರನ್ನೂ ನಂಬಬೇಡಿ. ನಿಮ್ಮೂರಿನ ಕರೆಂಟ್ ದರ, ಗ್ಯಾಸ್ ದರ ಇವೆರಡೇ ಉತ್ತರ ಹೇಳುವುದು.

80ರ ಫರ್ನೇಸಿನಲ್ಲಿ ಒಂದು ಥರ್ಮ್ ಉರಿಸಿದರೆ 80,000 ಬಿಟಿಯು ಸಿಗುತ್ತದೆ. ಚಳಿ ರಾಜ್ಯಗಳಲ್ಲಿ ಹೀಟ್ ಪಂಪಿಗೆ ಸೀಸನ್ ಸಿಒಪಿ 2.5 ಹಿಡಿಯಿರಿ. ಅಷ್ಟೇ ಶಾಖಕ್ಕೆ 9.4 ಯೂನಿಟ್ ಕರೆಂಟ್ ಬೇಕು. ಹಾಗಾಗಿ ಥರ್ಮ್ ಬೆಲೆಯನ್ನು 9.4ರಿಂದ ಭಾಗಿಸಿ. ಥರ್ಮ್‌ಗೆ 1.60 ಡಾಲರ್ ಕೊಡುತ್ತಿದ್ದರೆ 17 ಸೆಂಟ್ ಬರುತ್ತದೆ. ನಿಮ್ಮ ಕರೆಂಟ್ ಯೂನಿಟ್ಟಿಗೆ 17 ಸೆಂಟ್‌ಗಿಂತ ಕಡಿಮೆ ಇದ್ದರೆ ಹೀಟ್ ಪಂಪ್ ಅಗ್ಗ, ಜಾಸ್ತಿ ಇದ್ದರೆ ಗ್ಯಾಸ್ ಅಗ್ಗ.

ಇಲ್ಲಿ ಎಲ್ಲರೂ ಬೀಳುವ ಒಂದು ಗುಂಡಿ ಇದೆ. ಬಿಲ್ಲಿನಲ್ಲಿ ಸಪ್ಲೈ ಬೇರೆ, ಡೆಲಿವರಿ ಬೇರೆ ಅಂತ ಎರಡು ಸಾಲು ಇರುತ್ತದೆ. ಒಂದನ್ನೇ ನೋಡಿ "ನಮ್ಮದು 11 ಸೆಂಟ್" ಅಂದುಕೊಳ್ಳುತ್ತಾರೆ. ಎರಡನ್ನೂ ಕೂಡಿಸಿ. ಗ್ಯಾಸಿಗೂ ಹಾಗೆಯೇ.

ಮ್ಯಾಸಚೂಸೆಟ್ಸ್, ಕ್ಯಾಲಿಫೋರ್ನಿಯಾದಂಥ ಕಡೆ ಕರೆಂಟ್ ದುಬಾರಿ. ಸೋಲಾರ್ ಇಲ್ಲದಿದ್ದರೆ ಮಾಮೂಲಿ ದರದಲ್ಲಿ ಬಿಲ್ ಏರಿದರೂ ಆಶ್ಚರ್ಯವಿಲ್ಲ. ಇದನ್ನು ಮಾರಾಟಗಾರರು ಹೇಳುವುದಿಲ್ಲ, ಹಾಗಾಗಿ ನಾನು ಹೇಳುತ್ತಿದ್ದೇನೆ. ಆದರೆ ಹೀಟ್ ಪಂಪ್ ಇರುವ ಮನೆಗಳಿಗೆಂದೇ ಬೇರೆ ದರ ಇದೆಯಾ ಅಂತ ವಿದ್ಯುತ್ ಕಂಪನಿಯನ್ನು ಕೇಳಿ. ಮ್ಯಾಸಚೂಸೆಟ್ಸ್‌ನ ದೊಡ್ಡ ಕಂಪನಿಗಳಲ್ಲಿ ಚಳಿಗಾಲಕ್ಕೆ ಅಂಥ ಕಡಿಮೆ ದರ ಇದೆ. ಅದು ಲೆಕ್ಕವನ್ನೇ ಬದಲಿಸುತ್ತದೆ.

ಪ್ರೊಪೇನ್, ಹೀಟಿಂಗ್ ಆಯಿಲ್ ಅಥವಾ ಬೇಸ್‌ಬೋರ್ಡ್ ಎಲೆಕ್ಟ್ರಿಕ್ ಹೀಟರ್ ಇರುವವರಿಗೆ ಇಷ್ಟು ತಲೆನೋವಿಲ್ಲ. ಬಹುತೇಕ ಕಡೆ ಹೀಟ್ ಪಂಪೇ ಅಗ್ಗ.

ಹಂತ 4: ಪೂರ್ತಿ ಬದಲಿಸುವುದಾ, ಫರ್ನೇಸ್ ಜೊತೆಗಿಟ್ಟುಕೊಳ್ಳುವುದಾ?

ಎರಡು ದಾರಿ ಇದೆ. ಒಂದು, ಫರ್ನೇಸ್ ತೆಗೆದು ಅದರ ಜಾಗಕ್ಕೆ ಏರ್ ಹ್ಯಾಂಡ್ಲರ್ ಕೂರಿಸುವುದು. ಅಂದರೆ ಫ್ಯಾನು ಮತ್ತು ಕಾಯಿಲ್ (ರೆಫ್ರಿಜರೆಂಟ್ ಹರಿಯುವ ಕೊಳವೆಯ ಸುರುಳಿ) ಇರುವ ಒಳಗಿನ ಪೆಟ್ಟಿಗೆ. ತುಂಬಾ ಚಳಿಯ ರಾತ್ರಿಗೆಂದು ಅದರಲ್ಲಿ ಎಲೆಕ್ಟ್ರಿಕ್ ಸ್ಟ್ರಿಪ್ ಅನ್ನುವ ಕಾಯಿಸುವ ತಂತಿ ಇರುತ್ತದೆ. ಇನ್ನೊಂದು, ಫರ್ನೇಸ್ ಇನ್ನೂ ಗಟ್ಟಿಯಾಗಿದ್ದರೆ ಎಸಿಯ ಜಾಗಕ್ಕೆ ಮಾತ್ರ ಹೀಟ್ ಪಂಪ್ ತರುವುದು. ಸಾಮಾನ್ಯ ಚಳಿಗೆ ಹೀಟ್ ಪಂಪ್, ಕಡು ಚಳಿಗೆ ಗ್ಯಾಸ್. ಇದಕ್ಕೆ ಡ್ಯುಯಲ್ ಫ್ಯುಯಲ್ ಅನ್ನುತ್ತಾರೆ.

ಫರ್ನೇಸ್ ಹತ್ತು ವರ್ಷದೊಳಗಿನದಾಗಿ ಕರೆಂಟೂ ದುಬಾರಿ ಇದ್ದರೆ ಎರಡನೆಯದೇ ಜಾಣತನ. ಇಪ್ಪತ್ತು ವರ್ಷದ್ದಾಗಿದ್ದರೆ ಅದನ್ನು ಆಧಾರಕ್ಕೆ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ.

"ನಮ್ಮ ಕಡೆಯ ಚಳಿಗೆ ಇದು ಆಗಲ್ಲ ಸಾರ್" ಅಂತ ಈಗಲೂ ಹೇಳುವವರಿದ್ದಾರೆ. ಮೇನ್ ರಾಜ್ಯಕ್ಕಿಂತ ಚಳಿ ಬೇಕೇ? ಅಲ್ಲಿ 2025ರೊಳಗೆ ಒಂದು ಲಕ್ಷ ಹೀಟ್ ಪಂಪ್ ಅಂತ ಗುರಿ ಇಟ್ಟಿದ್ದರು, 2023ರಲ್ಲೇ ಮುಟ್ಟಿದರು. ಆದರೆ ಸರಿಯಾದ ಮಾಡೆಲ್ ಬೇಕು. ಪೆಟ್ಟಿಗೆಯ ಮೇಲೆ ಬರೆದಿರುವ ಟನ್ ಸಾಮಾನ್ಯವಾಗಿ ಬೇಸಿಗೆಯ ತಂಪಿನ ಅಳತೆ, ಶಾಖದ ಸಂಖ್ಯೆ ಹೊರಗೆ 47 ಡಿಗ್ರಿ ಇದ್ದಾಗ ಅಳೆದದ್ದು. 5 ಡಿಗ್ರಿಯಲ್ಲಿ ಅದೇ ಯಂತ್ರ ಎಷ್ಟು ಕೊಡುತ್ತದೆ ಅನ್ನುವುದು ಬೇರೆ ಮಾತು. ಎನರ್ಜಿ ಸ್ಟಾರ್‌ನ 'ಕೋಲ್ಡ್ ಕ್ಲೈಮೇಟ್' ಗುರುತು ಬೇಕೆಂದರೆ 5 ಡಿಗ್ರಿಯಲ್ಲಿ ಸಿಒಪಿ ಕನಿಷ್ಠ 1.75 ಇರಬೇಕು, 47 ಡಿಗ್ರಿಯಲ್ಲಿ ಕೊಡುವ ಶಾಖದ ನೂರಕ್ಕೆ 70ರಷ್ಟಾದರೂ ಕೊಡಬೇಕು. ಉತ್ತರದ ರಾಜ್ಯಗಳಲ್ಲಿ ಈ ಗುರುತು ಇಲ್ಲದ್ದನ್ನು ಮುಟ್ಟಲೇಬೇಡಿ. ನೀಪ್ ಅನ್ನುವ ಸಂಸ್ಥೆಯ ಕೋಲ್ಡ್ ಕ್ಲೈಮೇಟ್ ಪಟ್ಟಿಯಲ್ಲಿ ಪ್ರತಿ ಮಾಡೆಲ್ಲೂ ಯಾವ ಚಳಿಗೆ ಎಷ್ಟು ಬಿಟಿಯು ಕೊಡುತ್ತದೆ ಅಂತ ಇದೆ. ಹಂತ 2ರಲ್ಲಿ ಬಂದ ನಿಮ್ಮ ಸಂಖ್ಯೆಯನ್ನು ಅಲ್ಲಿ ಹೋಲಿಸಿ ನೋಡಿ.

ಇನ್ವರ್ಟರ್ ಮಾಡೆಲ್ಲನ್ನೇ ಕೇಳಿ. ಅಂದರೆ ಬೇಕಾದಷ್ಟೇ ವೇಗದಲ್ಲಿ ಓಡುವಂಥದ್ದು. ಪೂರ್ತಿ ಓಡು, ಇಲ್ಲವೇ ನಿಲ್ಲು ಅನ್ನುವ ಹಳೆಯ ಕಾಲದ್ದು ಬೇಡ.

ಹಂತ 5: ಡಕ್ಟ್ ನೋಡಿ

ಫರ್ನೇಸಿನಿಂದ ಬರುವ ಗಾಳಿ 120ರಿಂದ 140 ಡಿಗ್ರಿ ಬಿಸಿ. ಹೀಟ್ ಪಂಪಿನದು 90ರಿಂದ 105. ಅಷ್ಟೇ ಶಾಖ ಕೊಡಲು ಹೆಚ್ಚು ಗಾಳಿ ತಳ್ಳಬೇಕು. ಒಂದು ಟನ್ನಿಗೆ ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿ ಅನ್ನುವುದು ಲೆಕ್ಕ. ಐದು ಟನ್ ತಂದರೆ 2,000 ಘನ ಅಡಿ. ನಿಮ್ಮ ಹಳೆಯ ಡಕ್ಟ್ ಅದನ್ನು ತಡೆಯುವುದಿಲ್ಲ, ಶಿಳ್ಳೆ ಹೊಡೆಯುತ್ತದೆ. ಎರಡು ಟನ್ನಿಗೆ 800. ಅದಕ್ಕೆ ಇರುವ ಡಕ್ಟೇ ಎಷ್ಟೋ ಸಲ ಸಾಕಾಗುತ್ತದೆ. "ಡಕ್ಟ್ ಎಲ್ಲ ಹೊಸದು ಹಾಕಬೇಕು" ಅಂತ ಯಾರಾದರೂ ಅಂದರೆ, ಮೊದಲು ಅವರು ಹೇಳುತ್ತಿರುವ ಟನ್ ಸರಿಯಾ ಅಂತ ನೋಡಿ.

ಸ್ಟಾಟಿಕ್ ಪ್ರೆಶರ್ ಅಳೆಯಲು ಹೇಳಿ. ಡಕ್ಟಿನೊಳಗೆ ಗಾಳಿಗೆ ಎಷ್ಟು ಅಡ್ಡಿ ಇದೆ ಅನ್ನುವ ಅಳತೆ ಅದು. ಎರಡು ಚಿಕ್ಕ ತೂತು ಕೊರೆದು ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ. ಅಟ್ಟದಲ್ಲಿ ಹಾದುಹೋಗುವ ಡಕ್ಟಿನ ಜೋಡಣೆಗಳಿಗೆ ಮ್ಯಾಸ್ಟಿಕ್ ಅನ್ನುವ ಅಂಟು ಬಳಿಸಿ. ಬಟ್ಟೆಯ ಡಕ್ಟ್ ಟೇಪ್ ಅಟ್ಟದ ಬಿಸಿಗೆ ಒಣಗಿ ಉದುರುತ್ತದೆ.

ಹಂತ 6: ಎಲೆಕ್ಟ್ರಿಕ್ ಪ್ಯಾನೆಲ್

"100 ಆಂಪ್ ಪ್ಯಾನೆಲ್ ಇದೆಯಾ? 200ಕ್ಕೆ ಏರಿಸಬೇಕು, ಇನ್ನೂ ಕೆಲವು ಸಾವಿರ ಡಾಲರ್." ಇದನ್ನು ಕೇಳಿ ಎಷ್ಟೋ ಜನ ಕೈಬಿಡುತ್ತಾರೆ. ಸುಮ್ನೆ ಒಪ್ಪಿಕೊಳ್ಳಬೇಡಿ.

ಕರೆಂಟ್ ಜಾಸ್ತಿ ಎಳೆಯುವುದು ಹೀಟ್ ಪಂಪ್ ಅಲ್ಲ, ಅದರೊಳಗಿನ ಸ್ಟ್ರಿಪ್. 10 ಕಿಲೋವ್ಯಾಟ್ ಸ್ಟ್ರಿಪ್ 240 ವೋಲ್ಟಿನಲ್ಲಿ 42 ಆಂಪ್ ಎಳೆಯುತ್ತದೆ. 5 ಕಿಲೋವ್ಯಾಟಿನದು 21 ಆಂಪ್. ಅಳತೆ ಸರಿ ಇದ್ದರೆ ಚಿಕ್ಕ ಸ್ಟ್ರಿಪ್ ಸಾಕು.

ಅಮೆರಿಕದ ಎಲೆಕ್ಟ್ರಿಕ್ ಕೋಡಿನಲ್ಲಿ ವರ್ಷವಿಡೀ ನೀವು ನಿಜವಾಗಿ ಬಳಸಿದ ಕರೆಂಟಿನ ಮೇಲೆ ಲೆಕ್ಕ ಹಾಕುವ ದಾರಿ ಇದೆ. 220.87 ಅನ್ನುವ ವಿಧಿ. ವಿದ್ಯುತ್ ಕಂಪನಿಯಿಂದ 12 ತಿಂಗಳ ದತ್ತಾಂಶ ಇಳಿಸಿಕೊಳ್ಳಿ. ಅದರಲ್ಲಿ ಅತಿ ಹೆಚ್ಚು ಬಳಕೆ 9 ಕಿಲೋವ್ಯಾಟ್ ಇತ್ತು ಅನ್ನಿ. ಅದನ್ನು 1.25ರಿಂದ ಗುಣಿಸಿದರೆ 11.25 ಕಿಲೋವ್ಯಾಟ್, ಅಂದರೆ 47 ಆಂಪ್. ಹೀಟ್ ಪಂಪಿಗೆ 20, ಸ್ಟ್ರಿಪ್ಪಿಗೆ 21 ಸೇರಿಸಿ. 88 ಆಯಿತು, 100ರೊಳಗೇ ಇದೆ. ಇದನ್ನು ಎಲೆಕ್ಟ್ರಿಷಿಯನ್ ಪರಿಶೀಲಿಸಿ ಸಹಿ ಮಾಡಬೇಕು, ಆದರೆ ಈ ವಿಧಿಯ ಪ್ರಕಾರ ಹಾಕಿ ಅಂತ ಕೇಳಬೇಕಾದವರು ನೀವು.

ಗ್ಯಾರೇಜಿನಲ್ಲಿ ಕಾರ್ ಚಾರ್ಜರ್ ಇದ್ದರೆ ಲೆಕ್ಕ ಬಿಗಿಯಾಗುತ್ತದೆ. ಅದನ್ನು ಕಡಿಮೆ ಆಂಪಿಗೆ ಇಳಿಸಬಹುದು. ರಾತ್ರಿಯಿಡೀ ಸಮಯ ಇದೆ, ಕಾರಿಗೇನು ಅವಸರ?

ಹಂತ 7: ಕೊಟೇಶನ್ ತರಿಸುವುದು

ಕನಿಷ್ಠ ಮೂರು. ಡಕ್ಟ್ ಇರುವ ಮನೆಗೆ ಎಲ್ಲ ಸೇರಿ 12ರಿಂದ 25 ಸಾವಿರ ಡಾಲರ್ ನಡುವೆ ಬರುವುದು ಸಾಮಾನ್ಯ. ದುಬಾರಿ ಊರುಗಳಲ್ಲಿ ಅದನ್ನೂ ಮೀರುತ್ತದೆ. ಬಂದವರಿಗೆ ಇವನ್ನು ಕೇಳಿ:

- ಮ್ಯಾನ್ಯುಯಲ್ ಜೆ ಮಾಡುತ್ತೀರಾ? ಇದು ಗೋಡೆ, ಕಿಟಕಿ, ಇನ್ಸುಲೇಷನ್ ಎಲ್ಲ ಅಳೆದು ಮನೆಗೆ ಬೇಕಾದ ಶಾಖ ಕಂಡುಹಿಡಿಯುವ ಅಧಿಕೃತ ವಿಧಾನ. "500 ಚದರಡಿಗೆ ಒಂದು ಟನ್" ಅಂತ ಬಾಯಲ್ಲೇ ಹೇಳಿದರೆ ಚಹಾ ಕೊಟ್ಟು ಕಳಿಸಿ.
- ನಮ್ಮೂರಿನ ಡಿಸೈನ್ ಟೆಂಪರೇಚರ್‌ನಲ್ಲಿ ಈ ಮಾಡೆಲ್ ಎಷ್ಟು ಬಿಟಿಯು ಕೊಡುತ್ತದೆ? ಬರಹದಲ್ಲಿ ಕೊಡಿ.
- ಎಎಚ್‌ಆರ್‌ಐ ಪ್ರಮಾಣಪತ್ರದ ಸಂಖ್ಯೆ ಏನು? ಒಳಗಿನ ಪೆಟ್ಟಿಗೆ, ಹೊರಗಿನ ಪೆಟ್ಟಿಗೆ ಒಂದಕ್ಕೊಂದು ಹೊಂದುತ್ತವೆ ಅನ್ನುವುದಕ್ಕೆ ಅದೇ ಪುರಾವೆ. ರಿಬೇಟ್ ಅರ್ಜಿಗೂ ಬೇಕು.
- ಪರ್ಮಿಟ್ ಯಾರು ತೆಗೆಯುತ್ತಾರೆ? "ಪರ್ಮಿಟ್ ಇಲ್ಲದೆ ಕಡಿಮೆಗೆ ಮಾಡಿಕೊಡ್ತೀವಿ" ಅಂದರೆ ಬೇಡ. ಮನೆ ಮಾರುವಾಗ ಅದು ತಲೆ ಎತ್ತುತ್ತದೆ.
- ರೆಫ್ರಿಜರೆಂಟ್ ಯಾವುದು? 2025ರ ಜನವರಿ 1ರಿಂದ ಆರ್-410ಎ ಬಳಸುವ ಹೊಸ ಮನೆ ಯಂತ್ರಗಳನ್ನು ಅಮೆರಿಕದಲ್ಲಿ ತಯಾರಿಸುವಂತಿಲ್ಲ. ಈಗ ಬರುವುದು ಆರ್-454ಬಿ ಅಥವಾ ಆರ್-32. ಹಳೆಯ ಸ್ಟಾಕ್ ಅಗ್ಗಕ್ಕೆ ಕೊಡುತ್ತೇವೆ ಅಂದರೂ ಬೇಡ, ಮುಂದೆ ಅದರ ಅನಿಲ ದುಬಾರಿಯಾಗುತ್ತಾ ಹೋಗುತ್ತದೆ.

ಟೌನ್‌ಹೌಸ್‌ನಲ್ಲಿ ಇರುವವರು ಎಚ್‌ಒಎ (ಮನೆ ಮಾಲೀಕರ ಸಂಘ) ಒಪ್ಪಿಗೆ ಮೊದಲೇ ತೆಗೆದುಕೊಳ್ಳಿ. ಹೊರಗಿನ ಪೆಟ್ಟಿಗೆ ಎಲ್ಲಿಡಬೇಕು ಅನ್ನುವುದೇ ಅವರ ದೊಡ್ಡ ಚಿಂತೆ.

ಹಂತ 8: ಸಹಾಯಧನ

ಹೀಟ್ ಪಂಪಿಗೆ 2,000 ಡಾಲರ್ ತನಕ ಸಿಗುತ್ತಿದ್ದ ಕೇಂದ್ರದ ಟ್ಯಾಕ್ಸ್ ಕ್ರೆಡಿಟ್ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ. ಆಮೇಲೆ ಕೂರಿಸಿದ ಯಂತ್ರಕ್ಕೆ ಅದು ಇಲ್ಲ. ಈಗಲೂ "30 ಪರ್ಸೆಂಟ್ ವಾಪಸ್ ಬರುತ್ತೆ" ಅಂತ ಕೊಟೇಶನ್ನಿನಲ್ಲಿ ಕಳೆದು ತೋರಿಸುವವರಿದ್ದರೆ ಎಚ್ಚರ.

ರಾಜ್ಯಗಳ ಮತ್ತು ವಿದ್ಯುತ್ ಕಂಪನಿಗಳ ರಿಬೇಟ್ ಬೇರೆ. ಮ್ಯಾಸಚೂಸೆಟ್ಸ್‌ನಲ್ಲಿ ಮಾಸ್ ಸೇವ್ ಇದೆ, ಅದರಲ್ಲಿ ಬಡ್ಡಿ ಇಲ್ಲದ ಸಾಲವೂ ಇದೆ. 2022ರ ಕಾಯಿದೆಯಲ್ಲಿ ಬಂದ ಇನ್ನೊಂದು ಯೋಜನೆಯಲ್ಲಿ ಹೀಟ್ ಪಂಪಿಗೆ 8,000 ಡಾಲರ್ ತನಕ ಕೊಡುವುದಿದೆ, ಆದರೆ ಆದಾಯ ನಿಮ್ಮ ಪ್ರದೇಶದ ಮಧ್ಯಮ ಆದಾಯದ ಒಂದೂವರೆ ಪಟ್ಟಿನೊಳಗೆ ಇರಬೇಕು, ನಿಮ್ಮ ರಾಜ್ಯದಲ್ಲಿ ಅದು ಜಾರಿಯಲ್ಲೂ ಇರಬೇಕು. ಹೆಚ್ಚಿನ ರಿಬೇಟ್‌ಗಳಿಗೆ ಕೆಲಸ ಶುರುವಾಗುವ ಮೊದಲೇ ಅರ್ಜಿ ಅಥವಾ ಮನೆ ತಪಾಸಣೆ ಆಗಿರಬೇಕು. ಸಹಿ ಹಾಕುವ ಮುನ್ನ ಓದಿ.

ಹಂತ 9: ಕೂರಿಸುವ ದಿನ

ಸಾಮಾನ್ಯವಾಗಿ ಎರಡು ದಿನದ ಕೆಲಸ. ಪಕ್ಕದಲ್ಲೇ ನಿಂತು ಕಾಯಬೇಕಾಗಿಲ್ಲ, ಆದರೆ ಕೆಲವನ್ನು ಕಣ್ಣಾರೆ ನೋಡಿ.

ತಾಮ್ರದ ಕೊಳವೆ ಜೋಡಿಸಿದ ಮೇಲೆ ನೈಟ್ರೋಜನ್ ತುಂಬಿ ಸೋರಿಕೆ ಪರೀಕ್ಷೆ ಮಾಡಬೇಕು. ಆಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಒಳಗಿನ ಗಾಳಿ, ತೇವ ಎಲ್ಲ ತೆಗೆಯಬೇಕು. ಮೀಟರ್ 500 ಮೈಕ್ರಾನ್‌ಗಿಂತ ಕೆಳಗೆ ಇಳಿದು, ಪಂಪ್ ನಿಲ್ಲಿಸಿದ ಮೇಲೂ ಏರದೆ ನಿಲ್ಲಬೇಕು. ಆ ಮೀಟರಿನ ಫೋಟೋ ಕೇಳಿ. ಒಳ್ಳೆಯ ಕೆಲಸಗಾರ ಖುಷಿಯಿಂದ ತೋರಿಸುತ್ತಾನೆ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಸಿ ಅನಿಲ ಬಿಟ್ಟರೆ, ತೊಂದರೆ ಎರಡು ಮೂರು ವರ್ಷದ ಮೇಲೆ ಕಾಣಿಸುತ್ತದೆ.

ಹೊರಗಿನ ಪೆಟ್ಟಿಗೆ ನೆಲದ ಮೇಲೆ ಕೂರಬಾರದು. ಸ್ಟ್ಯಾಂಡ್ ಮೇಲೆ, ನಿಮ್ಮೂರಿನಲ್ಲಿ ಬೀಳುವ ಮಂಜಿಗಿಂತ ಎತ್ತರದಲ್ಲಿ ಇರಬೇಕು. ಸೂರಿನ ನೀರು ನೇರ ಅದರ ಮೇಲೆ ಬೀಳುವ ಜಾಗವೂ ಬೇಡ. ಅದರಿಂದ ಸೋರುವ ನೀರು ನಡೆಯುವ ದಾರಿಗೆ ಹರಿದರೆ ಬೆಳಗ್ಗೆ ಗಾಜಿನಂತೆ ಹೆಪ್ಪುಗಟ್ಟಿರುತ್ತದೆ.

ಈಗ ನಿಜವಾಗಿ ಅಪಾಯದ ವಿಷಯ. ಹಳೆಯ ಮನೆಗಳಲ್ಲಿ ಫರ್ನೇಸಿನ ಹೊಗೆಯೂ ಗ್ಯಾಸ್ ವಾಟರ್ ಹೀಟರಿನ ಹೊಗೆಯೂ ಒಂದೇ ಚಿಮಣಿಯಲ್ಲಿ ಹೋಗುತ್ತವೆ. ಫರ್ನೇಸ್ ತೆಗೆದ ಮೇಲೆ ಆ ದೊಡ್ಡ ಚಿಮಣಿಗೆ ಚಿಕ್ಕ ವಾಟರ್ ಹೀಟರ್ ಒಂದೇ ಉಳಿಯುತ್ತದೆ. ಅದರ ಹೊಗೆಗೆ ಚಿಮಣಿ ಬಿಸಿಯಾಗುವುದಿಲ್ಲ. ಹೊಗೆ ಮೇಲೆ ಏರದೆ ಬೇಸ್‌ಮೆಂಟಿಗೇ ವಾಪಸ್ ಬರಬಹುದು, ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಕೂಡ. ಚಿಮಣಿಯೊಳಗೆ ಚಿಕ್ಕ ಲೈನರ್ ಇಳಿಸಬೇಕು, ಇಲ್ಲವೇ ವಾಟರ್ ಹೀಟರನ್ನೂ ಎಲೆಕ್ಟ್ರಿಕ್ ಮಾಡಬೇಕು. ಕೊಟೇಶನ್ನಿನಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ ನೀವೇ ಕೇಳಿ.

ಗ್ಯಾಸ್ ಪೈಪಿನ ತುದಿಯನ್ನು ಲೈಸೆನ್ಸ್ ಇರುವವರೇ ಮುಚ್ಚಬೇಕು. ದೋಸೆ, ರೊಟ್ಟಿಗೆ ಜ್ವಾಲೆಯೇ ಬೇಕು ಅಂತ ಗ್ಯಾಸ್ ಒಲೆ ಉಳಿಸಿಕೊಳ್ಳುವವರು ನಮ್ಮಲ್ಲಿ ಜಾಸ್ತಿ. ತಪ್ಪೇನಿಲ್ಲ. ಆದರೆ ಒಲೆ ಒಂದಕ್ಕೇ ಇಟ್ಟುಕೊಂಡರೂ ಗ್ಯಾಸ್ ಕಂಪನಿಯ ತಿಂಗಳ ನಿಗದಿತ ಶುಲ್ಕ ಕಟ್ಟುತ್ತಲೇ ಇರಬೇಕು. ಅದನ್ನು ಹಂತ 3ರ ಲೆಕ್ಕಕ್ಕೆ ಸೇರಿಸಿ.

ಹಂತ 10: ಮೊದಲ ಚಳಿಗಾಲ

ಜಾಲರಿ ಮೇಲೆ ಕೈ ಇಟ್ಟರೆ ಗಾಳಿ ಉಗುರುಬೆಚ್ಚಗೆ ಅನಿಸುತ್ತದೆ. "ಕೆಟ್ಟಿದೆ" ಅಂತ ಎಲ್ಲರೂ ಮೊದಲು ಅಂದುಕೊಳ್ಳುವುದು ಇದಕ್ಕೇ. ಕೆಟ್ಟಿಲ್ಲ. 95 ಡಿಗ್ರಿ ಗಾಳಿ ನಮ್ಮ ಮೈಯ ಬಿಸಿಗಿಂತ ಕಡಿಮೆ, ಹಾಗಾಗಿ ಕೈಗೆ ಹಾಗೆ ಕಾಣುತ್ತದೆ. ಗೋಡೆಯ ಥರ್ಮೋಸ್ಟಾಟ್ 70 ತೋರಿಸುತ್ತಿದ್ದರೆ ಎಲ್ಲ ಸರಿ ಇದೆ.

ಫರ್ನೇಸಿನ ಅಭ್ಯಾಸ ಬಿಡಬೇಕು. ರಾತ್ರಿ 62ಕ್ಕೆ ಇಳಿಸಿ ಬೆಳಗ್ಗೆ 70ಕ್ಕೆ ಏರಿಸಿದರೆ, ಆ ಎಂಟು ಡಿಗ್ರಿಯನ್ನು ಬೇಗ ಏರಿಸಲು ಯಂತ್ರ ಸ್ಟ್ರಿಪ್ ಹಾಕಿಕೊಳ್ಳುತ್ತದೆ. ಸ್ಟ್ರಿಪ್ಪಿನ ಸಿಒಪಿ 1. ರಾತ್ರಿ ಉಳಿಸಿದ್ದು ಬೆಳಗ್ಗೆ ಹೋಯಿತು. ಒಂದೇ ಡಿಗ್ರಿಗೆ ಇಟ್ಟು ಬಿಟ್ಟುಬಿಡಿ. ಊರಿಂದ ಅಪ್ಪ ಅಮ್ಮ ಬಂದಾಗ ಬೇಕಾದರೆ 72 ಮಾಡಿ, ಆದರೆ ದಿನಕ್ಕೆ ಹತ್ತು ಸಲ ಒತ್ತುವುದು ಬೇಡ ಅಂತ ಹೇಳಿ.

ಥರ್ಮೋಸ್ಟಾಟಿನಲ್ಲಿ ಎರಡು ವಿಷಯ ನೋಡಿ. 'ಎಮರ್ಜೆನ್ಸಿ ಹೀಟ್' ಅನ್ನುವ ಗುಂಡಿ ಒತ್ತಿದರೆ ಹೀಟ್ ಪಂಪ್ ನಿಂತು ಬರೀ ಸ್ಟ್ರಿಪ್ ಓಡುತ್ತದೆ. ಯಂತ್ರ ಕೆಟ್ಟಾಗ ಮಾತ್ರ ಅದು. ಇನ್ನೊಂದು 'ಆಕ್ಸ್ ಲಾಕ್‌ಔಟ್'. ಹೊರಗೆ ಎಷ್ಟು ಡಿಗ್ರಿಗಿಂತ ಮೇಲಿದ್ದರೆ ಸ್ಟ್ರಿಪ್ ಹತ್ತಲೇಬಾರದು ಅನ್ನುವ ಮಿತಿ. ಕೆಲಸಗಾರರು ಅದನ್ನು ಹೊಂದಿಸದೆ ಹೋಗುವುದೇ ಹೆಚ್ಚು. 25 ಅಥವಾ 30ಕ್ಕೆ ಇಟ್ಟು ಶುರು ಮಾಡಿ, ಮನೆ ತಣ್ಣಗಾಗದಿದ್ದರೆ ಇನ್ನೂ ಕೆಳಗೆ ಇಳಿಸುತ್ತಾ ಬನ್ನಿ. ಮೊದಲ ತಿಂಗಳ ಬಿಲ್ ನೋಡಿ ಬೆಚ್ಚಿಬಿದ್ದವರ ಮನೆಯಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ತೇವದ ಚಳಿ ದಿನಗಳಲ್ಲಿ ಹೊರಗಿನ ಪೆಟ್ಟಿಗೆ ಇದ್ದಕ್ಕಿದ್ದಂತೆ ಭುಸ್ ಅಂತ ಆವಿ ಬಿಡುತ್ತದೆ. ಬೆಂಕಿ ಅಲ್ಲ. ಅದರ ಕಾಯಿಲ್ ಮೇಲೆ ಕಟ್ಟಿದ ಹಿಮವನ್ನು ಅದೇ ಕರಗಿಸಿಕೊಳ್ಳುತ್ತಿದೆ, ಇದಕ್ಕೆ ಡಿಫ್ರಾಸ್ಟ್ ಅನ್ನುತ್ತಾರೆ. ಕೆಲವೇ ನಿಮಿಷ. ಪಕ್ಕದ ಮನೆಯವರಿಗೂ ಒಂದು ಮಾತು ಹೇಳಿಟ್ಟಿರಿ, 911ಕ್ಕೆ ಫೋನ್ ಮಾಡಿಬಿಟ್ಟಾರು. ಆವಿ ನಿಂತ ಮೇಲೂ ಪೆಟ್ಟಿಗೆ ಇಡೀ ಹಿಮದ ಗಡ್ಡೆಯಾಗಿ ಉಳಿದರೆ ಮಾತ್ರ ಮೆಕ್ಯಾನಿಕ್ ಕರೆಯಿರಿ. ಚಾಕು, ಸುತ್ತಿಗೆ ಹಾಕಿ ಕೆರೆಯಬೇಡಿ, ಒಳಗಿನ ಕೊಳವೆ ತೂತಾಗುತ್ತದೆ.

ಇನ್ನು ಫಿಲ್ಟರ್. ಪ್ಯಾಕೆಟ್ಟಿನ ಮೇಲೆ ಮೂರು ತಿಂಗಳು ಅಂತ ಬರೆದಿರಬಹುದು. ನಮ್ಮ ಅಡುಗೆಮನೆಗೆ ಆ ಲೆಕ್ಕ ಸಾಲದು. ದಿನಾ ಒಗ್ಗರಣೆ, ವಾರಕ್ಕೊಮ್ಮೆ ಬೋಂಡಾ, ಅದರ ಮೇಲೆ ಹೊಗೆಯನ್ನು ಹೊರಗೆ ಕಳಿಸದೆ ಅಲ್ಲೇ ಸುತ್ತಿಸುವ ಹುಡ್ ಇದ್ದರೆ, ಎಣ್ಣೆಯ ಪಸೆ ಹತ್ತಿ ಫಿಲ್ಟರ್ ಒಂದು ತಿಂಗಳಲ್ಲೇ ಕಂದುಬಣ್ಣಕ್ಕೆ ತಿರುಗಿರುತ್ತದೆ. ತಿಂಗಳಿಗೊಮ್ಮೆ ತೆಗೆದು ಬೆಳಕಿಗೆ ಹಿಡಿದು ನೋಡಿ. ಬೆಳಕು ಕಾಣದಿದ್ದರೆ ಬದಲಿಸಿ.